ಚಳ್ಳಕೆರೆಯ ಡ್ರೋನ್, ಜೊಜಿಲಾದ ಟ್ಯಾಂಕ್: ಭಾರೀ ಕವಚದ ಕಾಲ ಮುಗಿಯಿತೇ?

ದಾವಣಗೆರೆ: ಹೊನ್ನಾಳಿ, ನ್ಯಾಮತಿಯ ಭತ್ತದ ಗದ್ದೆಗಳಲ್ಲಾಗಲಿ, ಜಗಳೂರಿನ ಮೆಕ್ಕೆಜೋಳದ ಹೊಲಗಳಲ್ಲಾಗಲಿ ಔಷಧ ಸಿಂಪಡಿಸುವ ಡ್ರೋನ್ ಈಗ ಅಚ್ಚರಿಯ ವಸ್ತುವಾಗಿ ಉಳಿದಿಲ್ಲ. ಹತ್ತು ಲೀಟರ್ ದ್ರಾವಣ ಹೊತ್ತು, ಎಕರೆಯೊಂದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುವ ಈ ಯಂತ್ರವನ್ನು ಬದುವಿನ ಮೇಲೆ ನಿಂತ ಒಬ್ಬರು ಕೈಯಲ್ಲಿನ ಪೆಟ್ಟಿಗೆಯಿಂದಲೇ ನಡೆಸುತ್ತಾರೆ. ಇದೇ ಜಾತಿಯ ಯಂತ್ರ ಉಕ್ರೇನ್‌ನಲ್ಲಿ ಔಷಧದ ಬದಲು ಬಾಂಬು ಹೊತ್ತು ಇರುಳಿನಲ್ಲಿ ಹಾರುತ್ತದೆ. ರಷ್ಯದ ಸೈನಿಕರು ಅದಕ್ಕೆ ತಮ್ಮ ಜಾನಪದ ಕಥೆಗಳ ಮಾಟಗಾತಿಯ ಹೆಸರಿಟ್ಟು ‘ಬಾಬಾ ಯಾಗಾ’ ಎಂದು ಕರೆಯುತ್ತಾರೆ. ಅದರ ಗುರಿಗಳಲ್ಲಿ ನಲವತ್ತೈದು ಟನ್ ತೂಕದ ಸಮರ ಟ್ಯಾಂಕ್ ಕೂಡ ಒಂದು.

ಕೆಲವು ನೂರು ಡಾಲರ್ ಬೆಲೆಯ ಡ್ರೋನ್ ಹತ್ತಾರು ಕೋಟಿ ರೂಪಾಯಿಯ ಟ್ಯಾಂಕನ್ನು ಸುಡುವ ದೃಶ್ಯಗಳನ್ನು 2022ರಿಂದೀಚೆಗೆ ಜಗತ್ತು ದಿನನಿತ್ಯ ನೋಡುತ್ತಿದೆ. ಚಿತ್ರ ಅಥವಾ ವಿಡಿಯೊ ಸಾಕ್ಷ್ಯ ಇರುವ ನಷ್ಟಗಳನ್ನಷ್ಟೇ ಎಣಿಸುವ ‘ಓರಿಕ್ಸ್’ ತಂಡದ ಲೆಕ್ಕದಲ್ಲಿ ರಷ್ಯ ಕಳೆದುಕೊಂಡ ಟ್ಯಾಂಕ್‌ಗಳ ಸಂಖ್ಯೆ 4,000 ದಾಟಿದೆ. ಅಮೆರಿಕ ಉಕ್ರೇನ್‌ಗೆ ನೀಡಿದ್ದ 31 ಅಬ್ರಾಮ್ಸ್ ಟ್ಯಾಂಕ್‌ಗಳನ್ನು ಡ್ರೋನ್‌ಗಳ ಕಾಟದಿಂದಾಗಿ 2024ರ ಏಪ್ರಿಲ್ ವೇಳೆಗೆ ಮುಂಚೂಣಿಯಿಂದ ಹಿಂದಕ್ಕೆ ಸರಿಸಲಾಗಿತ್ತು.

ಹೀಗಿರುವಾಗಲೇ ನಮ್ಮ ರಕ್ಷಣಾ ಖರೀದಿ ಮಂಡಳಿ 2024ರ ಸೆಪ್ಟೆಂಬರ್ 3ರಂದು ಒಟ್ಟು 1,44,716 ಕೋಟಿ ರೂಪಾಯಿ ಮೌಲ್ಯದ ಹತ್ತು ಪ್ರಸ್ತಾವಗಳಿಗೆ ಒಪ್ಪಿಗೆ ನೀಡಿತು. ಅವುಗಳಲ್ಲಿ ಮುಖ್ಯವಾದದ್ದು ಹಳೆಯ ಟಿ-72 ಟ್ಯಾಂಕ್‌ಗಳ ಜಾಗಕ್ಕೆ ಬರಬೇಕಾದ ಹೊಸ ಸಮರ ವಾಹನ. ಸೇನೆ ಬಯಸಿರುವ ಸಂಖ್ಯೆ ಸುಮಾರು 1,770. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಟ್ಯಾಂಕ್ ತಯಾರಾಗುವುದಿಲ್ಲ, ಅದು ಓಡಾಡುವ ಗಡಿಯೂ ಇಲ್ಲಿಂದ ಬಹು ದೂರ. ಆದರೆ ಆ ವಾಹನದೊಳಗೆ ಕೂರುವವರು ಇಂಥ ತಾಲ್ಲೂಕುಗಳಿಂದಲೇ ಸೇನಾ ಭರ್ತಿಗೆ ಹೋಗುವ ಹುಡುಗರು. ಅದನ್ನು ಸುಡಬಲ್ಲ ಡ್ರೋನ್‌ಗಳ ಪರೀಕ್ಷೆ ನಡೆಯುವುದಂತೂ ಜಗಳೂರಿನ ನೆರೆಯಲ್ಲೇ. ಆದ್ದರಿಂದ ಭಾರೀ ಟ್ಯಾಂಕ್‌ಗೆ ಇನ್ನು ಕೆಲಸವಿದೆಯೇ ಎಂಬ ಪ್ರಶ್ನೆಯನ್ನು ದಿಲ್ಲಿಯ ತಜ್ಞರಿಗಷ್ಟೇ ಬಿಡಬೇಕಾಗಿಲ್ಲ.

ಶ್ರದ್ಧಾಂಜಲಿ ಹಿಂದೆಯೂ ಬರೆದಿತ್ತು

ಟ್ಯಾಂಕ್ ಸತ್ತಿತು ಎಂಬ ಮಾತು ಇದೇ ಮೊದಲಲ್ಲ. 1973ರ ಅಕ್ಟೋಬರ್‌ನಲ್ಲಿ ಸುಯೆಜ್ ಕಾಲುವೆ ದಾಟಿದ ಈಜಿಪ್ಟ್‌ನ ಪದಾತಿಗಳು ಸೋವಿಯತ್ ನಿರ್ಮಿತ ‘ಸ್ಯಾಗರ್’ ಕ್ಷಿಪಣಿಗಳಿಂದ ಇಸ್ರೇಲಿನ ಟ್ಯಾಂಕ್‌ಗಳನ್ನು ಸಾಲಾಗಿ ಉರುಳಿಸಿದಾಗಲೂ ಇದೇ ಮಾತು ಕೇಳಿಬಂದಿತ್ತು. ಅಲ್ಲಿ ಆದ ತಪ್ಪು ಟ್ಯಾಂಕಿನದಾಗಿರಲಿಲ್ಲ. ಪದಾತಿ ದಳವಾಗಲಿ ಫಿರಂಗಿಯಾಗಲಿ ಜತೆಗಿಲ್ಲದೆ ಅದನ್ನು ಒಂಟಿಯಾಗಿ ಕಳಿಸಿದ್ದೇ ತಪ್ಪು. ಅದನ್ನು ತಿದ್ದಿಕೊಂಡ ಇಸ್ರೇಲ್ ಅದೇ ತಿಂಗಳು ಟ್ಯಾಂಕ್‌ಗಳೊಂದಿಗೇ ಕಾಲುವೆಯ ಆಚೆ ದಡ ಸೇರಿತು.

ನಮ್ಮದೇ ಇತಿಹಾಸದಲ್ಲಿ ಇದಕ್ಕೆ ಎರಡು ಕನ್ನಡಿಗಳಿವೆ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ನೀರು ಬಿಟ್ಟ ಕಬ್ಬಿನ ಗದ್ದೆಗಳಿಗೆ ಇಳಿದು ಸಿಕ್ಕಿಬಿದ್ದವು. ಆ ಕಾಳಗದಲ್ಲಿ ಪಾಕಿಸ್ತಾನ ಕಳೆದುಕೊಂಡದ್ದು 97 ಟ್ಯಾಂಕ್ ಎಂಬುದು ಭಾರತದ ಲೆಕ್ಕ. ಜಗತ್ತಿನ ಶ್ರೇಷ್ಠ ಟ್ಯಾಂಕ್ ಎನಿಸಿಕೊಂಡಿದ್ದ ಪ್ಯಾಟನ್ ಸೋತದ್ದು ಕಬ್ಬಿನ ಮರೆಯಲ್ಲಿ ಹೊಂಚಿ ನಿಂತ ಹಳೆಯ ಸೆಂಚುರಿಯನ್‌ಗಳಿಗೆ, ಅಬ್ದುಲ್ ಹಮೀದ್ ಅವರ ಜೀಪಿನ ಮೇಲಿದ್ದ ಹಗುರ ಫಿರಂಗಿಗೆ ಮತ್ತು ಕೆಸರಿಗೆ. 1971ರ ಡಿಸೆಂಬರ್ 5ರ ಬೆಳಿಗ್ಗೆ ರಾಜಸ್ಥಾನದ ಲೋಂಗೆವಾಲಾದಲ್ಲಿ ವಾಯುರಕ್ಷಣೆ ಇಲ್ಲದೆ ಬಂದ ಪಾಕ್ ಟ್ಯಾಂಕ್‌ಗಳನ್ನು ಜೈಸಲ್ಮೇರ್‌ನಿಂದ ಹಾರಿದ ಹಂಟರ್ ವಿಮಾನಗಳು ಬಯಲಿನಲ್ಲೇ ಹುಡುಕಿ ಹೊಡೆದವು. ಮೇಲಿನಿಂದ ಬರುವ ಶತ್ರು ಟ್ಯಾಂಕಿಗೆ ಹೊಸಬನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬದಲಾಗಿರುವುದು ಬೆಲೆ ಮತ್ತು ಸಂಖ್ಯೆ. ಅಂದು ಹಂಟರ್ ವಿಮಾನವೊಂದಕ್ಕೆ ರನ್‌ವೇ, ಪೈಲಟ್, ವರ್ಷಗಳ ತರಬೇತಿ ಎಲ್ಲವೂ ಬೇಕಿತ್ತು. ಇಂದು ಕಂದಕದಲ್ಲಿ ಕುಳಿತ ಸೈನಿಕನೊಬ್ಬ ದಿನಕ್ಕೆ ಹತ್ತು ಬಾರಿ ಅದೇ ಕೆಲಸ ಮಾಡಬಲ್ಲ. ಇದು ಸಣ್ಣ ಬದಲಾವಣೆಯಲ್ಲ.

ಇನ್ನೊಂದು ಉದಾಹರಣೆ ಮೈಸೂರಿನದು. ಜಗತ್ತಿನ ಮೊದಲ ಟ್ಯಾಂಕ್‌ಗಳು ಫ್ರಾನ್ಸಿನ ಸೊಮ್ ರಣರಂಗಕ್ಕೆ ಇಳಿದದ್ದು 1916ರ ಸೆಪ್ಟೆಂಬರ್ 15ರಂದು. ಕುದುರೆ ಸವಾರರ ಕಾಲ ಮುಗಿಯಿತೆಂದು ಎಲ್ಲರೂ ಒಪ್ಪಿದ ಮೇಲೆ, ಎರಡು ವರ್ಷ ಕಳೆದು, 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್‌ನ ಅಶ್ವಾರೋಹಿಗಳು ಮೆಷಿನ್‌ಗನ್‌ಗಳನ್ನು ಎದುರಿಸಿ ಹೈಫಾ ನಗರವನ್ನು ಗೆದ್ದರು. ಕುದುರೆ ಮತ್ತೆ ರಣರಂಗದ ರಾಜನಾಗಲಿಲ್ಲ ಎಂಬುದೂ ನಿಜವೇ. ಅಸ್ತ್ರವೊಂದರ ಕಾಲ ಒಂದೇ ದಿನ ಎಲ್ಲೆಡೆ ಮುಗಿಯುವುದಿಲ್ಲ. ಒಂದೊಂದು ನೆಲದಲ್ಲಿ ಒಂದೊಂದು ಹೊತ್ತಿಗೆ ಮುಗಿಯುತ್ತದೆ.

ತಿಮ್ಮಯ್ಯನವರು ಬಿಚ್ಚಿ ಸಾಗಿಸಿದ ಟ್ಯಾಂಕ್

ಟ್ಯಾಂಕಿನ ಪರವಾಗಿ ನಮ್ಮ ನಾಡಿನವರು ಹೇಳಬಹುದಾದ ಅತ್ಯುತ್ತಮ ಕಥೆ ಜೊಜಿಲಾದ್ದು. 1948ರಲ್ಲಿ ಪಾಕ್ ಬೆಂಬಲಿತ ಪಡೆಗಳು ಕಾಶ್ಮೀರ ಕಣಿವೆಯಿಂದ ಲಡಾಖ್‌ಗೆ ಹೋಗುವ ಜೊಜಿಲಾ ಕಣಿವೆಮಾರ್ಗವನ್ನು ಹಿಡಿದು ಕುಳಿತಿದ್ದವು. ಲೇಹ್ ಕೈತಪ್ಪುವ ಸ್ಥಿತಿ. ಪದಾತಿ ದಾಳಿ ಫಲಿಸಲಿಲ್ಲ. ಆ ವಲಯದ ಹೊಣೆ ಹೊತ್ತಿದ್ದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕ್ ಏರಿಸುವ ನಿರ್ಧಾರ ಅವರದು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬಳಸಿದ ನಿದರ್ಶನ ಜಗತ್ತಿನಲ್ಲಿ ಅದುವರೆಗೆ ಇರಲಿಲ್ಲ.

ಬಳಸಿದ್ದು ಭಾರೀ ಟ್ಯಾಂಕ್ ಅಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್, ತೂಕ ಸುಮಾರು 15 ಟನ್. ಜಮ್ಮುವಿನಿಂದ ಬರುವ ದಾರಿಯ ಸೇತುವೆಗಳು ಆ ತೂಕವನ್ನೂ ತಾಳುವಂತಿರಲಿಲ್ಲ. ಆದುದರಿಂದ ಟ್ಯಾಂಕ್‌ಗಳ ಮೇಲಿನ ತಿರುಗುವ ಗೋಪುರವನ್ನು, ಅಂದರೆ ಸೈನಿಕರ ಮಾತಿನ ಟರೆಟ್ಟನ್ನು, ಬಿಚ್ಚಿ ಬೇರೆಯಾಗಿ ಸಾಗಿಸಲಾಯಿತು. ಶತ್ರುವಿನ ಕಣ್ಣಿಗೆ ಅವು ಟ್ಯಾಂಕ್ ಎಂದು ತಿಳಿಯದಂತಾದದ್ದು ಅದರ ಇನ್ನೊಂದು ಲಾಭ. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗುವಷ್ಟೇ ಅಗಲವಿದ್ದ ಜಾಡನ್ನು ಟ್ಯಾಂಕ್ ಹೋಗುವಷ್ಟು ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಬದಿಯಲ್ಲಿ ಇಂದಿಗೂ ನೆಲೆ ಇರುವ ಅದೇ ಎಂಜಿನಿಯರ್ ದಳ. 1948ರ ನವೆಂಬರ್ 1ರಂದು ಹಿಮಪಾತದ ನಡುವೆ ಟ್ಯಾಂಕ್‌ಗಳು ಕಣಿವೆಯೊಳಗೆ ನುಗ್ಗಿದಾಗ ಎದುರಾಳಿಗಳಿಗೆ ಅವುಗಳನ್ನು ತಡೆಯುವ ಯಾವ ಸಿದ್ಧತೆಯೂ ಇರಲಿಲ್ಲ. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಮರಳಿ ಕೈಸೇರಿದವು.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆವರಣದಲ್ಲಿ ನಿಂತಿರುವ ಟ್ಯಾಂಕಿನ ಮುಂದೆ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರಿಗೆ ಕೊರತೆಯಿಲ್ಲ. ಆದರೆ ಜೊಜಿಲಾದಲ್ಲಿ ಗೆದ್ದದ್ದು ಕವಚದ ದಪ್ಪವಲ್ಲ. ಶತ್ರು ನಿರೀಕ್ಷಿಸದ ಜಾಗಕ್ಕೆ, ಸೇತುವೆ ತಾಳುವಷ್ಟೇ ತೂಕದಲ್ಲಿ, ರಸ್ತೆ ಮಾಡಿಕೊಂಡು ತಲುಪಿದ್ದು ಗೆದ್ದಿತು.

ಗದ್ದೆ ತಾಳುತ್ತದೆ, ಸೇತುವೆ ತಾಳುವುದಿಲ್ಲ

ಇಲ್ಲಿ ಪದದ ಬಗ್ಗೆ ಒಂದು ಮಾತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಬ್ರಿಟಿಷರ ದಾಖಲೆಗಳು ‘ಟ್ಯಾಂಕ್’ ಎಂದೇ ಕರೆದಿವೆ. ಯುದ್ಧದ ಟ್ಯಾಂಕಿಗೂ ಆ ಹೆಸರು ಬಂದದ್ದು ನೀರಿನಿಂದಲೇ. ಮೊದಲ ಮಹಾಯುದ್ಧದಲ್ಲಿ ಹೊಸ ಅಸ್ತ್ರದ ಗುಟ್ಟು ಹೊರಬೀಳದಿರಲೆಂದು ಬ್ರಿಟಿಷರು ಅದನ್ನು ನೀರು ಸಾಗಿಸುವ ತೊಟ್ಟಿ ಎಂದು ಹೇಳಿಕೊಂಡಿದ್ದರು.

ಟ್ಯಾಂಕಿನ ತೂಕದ ಲೆಕ್ಕ ಹೊನ್ನಾಳಿ ಕಡೆಯ ರೈತರಿಗೆ ಹೊಸತಾಗಿ ಹೇಳಿಕೊಡಬೇಕಾದ್ದಲ್ಲ. ಕೆಸರು ಗದ್ದೆಗೆ ಇಳಿಸುವ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುವುದು, ಹಸಿ ನೆಲದಲ್ಲಿ ಕಟಾವಿಗೆ ಟೈರಿನ ಯಂತ್ರ ಬಿಟ್ಟು ಚೈನಿನ ಯಂತ್ರ ತರಿಸುವುದು ಭಾರವನ್ನು ಹೆಚ್ಚು ಜಾಗಕ್ಕೆ ಹರಡುವ ಉಪಾಯ. ಟ್ಯಾಂಕಿನ ಉಕ್ಕಿನ ಚೈನೂ ಮಾಡುವುದು ಇದನ್ನೇ. ನಲವತ್ತೈದು ಟನ್ ತೂಗುವ ಟಿ-72 ನೆಲದ ಪ್ರತಿ ಚದರ ಸೆಂಟಿಮೀಟರ್ ಮೇಲೆ ಹಾಕುವ ಒತ್ತಡ ಒಂದು ಕಿಲೋದ ಆಸುಪಾಸು; ಕಾರಿನ ಟೈರು ಅದಕ್ಕಿಂತ ಹೆಚ್ಚು ಒತ್ತುತ್ತದೆ. ಆದರೆ ಸೇತುವೆಗೆ ಈ ಉಪಾಯ ನಡೆಯುವುದಿಲ್ಲ. ಅದು ಪೂರ್ತಿ ತೂಕವನ್ನು ಒಮ್ಮೆಗೇ ಹೊರಬೇಕು.

ಈ ಕಾರಣಕ್ಕಾಗಿಯೇ ಭಾರತದ ಟ್ಯಾಂಕ್ ಚರ್ಚೆ ಕೊನೆಗೆ ಬಂದು ನಿಲ್ಲುವುದು ತೂಕದ ಬಳಿ. 1974ರಲ್ಲಿ ಮಂಜೂರಾಗಿ ಮೂವತ್ತು ವರ್ಷಗಳ ನಂತರ, 2004ರಲ್ಲಿ, ಸೇನೆಗೆ ಬರಲಾರಂಭಿಸಿದ ಸ್ವದೇಶಿ ಅರ್ಜುನ್‌ನ ತೂಕ 58 ಟನ್ ಮೀರಿತ್ತು. 2021ರಲ್ಲಿ 7,523 ಕೋಟಿ ರೂಪಾಯಿಗೆ 118 ಟ್ಯಾಂಕ್‌ಗಳ ಆದೇಶ ಪಡೆದ ಅದರ ಸುಧಾರಿತ ಮಾದರಿ 68 ಟನ್ ತಲುಪಿದೆ. ರಾಜಸ್ಥಾನದ ಮರಳಿನಲ್ಲಿ ಅದು ಸಮರ್ಥ. ಪಂಜಾಬಿನ ಕಾಲುವೆಗಳ ಸೇತುವೆಗಳ ಮೇಲೆ, ಲಡಾಖ್‌ನ ಕಣಿವೆಗಳಲ್ಲಿ ಅದಕ್ಕೆ ದಾರಿಯಿಲ್ಲ. ಇದು ನಮ್ಮೊಬ್ಬರ ತೊಂದರೆಯಲ್ಲ. ಅಮೆರಿಕ ತನ್ನ ಹಗುರ ದಳಗಳಿಗೆಂದು ಮಾಡಿಸಿದ ಎಂ10 ಬೂಕರ್ ವಾಹನದ ತೂಕ ಏರುತ್ತ ಹೋಗಿ, ಅದು ಹೋಗಬೇಕಿದ್ದ ಸೇನಾನೆಲೆಯ 11 ಸೇತುವೆಗಳಲ್ಲಿ 8 ಅದನ್ನು ತಾಳುವುದಿಲ್ಲ ಎಂಬ ಸ್ಥಿತಿ ಬಂದು, 2025ರಲ್ಲಿ ಇಡೀ ಯೋಜನೆಯೇ ರದ್ದಾಯಿತು.

2020ರ ಜೂನ್ 15ರ ಗಲ್ವಾನ್ ಘರ್ಷಣೆಯ ನಂತರ ಲಡಾಖ್‌ನಲ್ಲಿ ಕಂಡದ್ದು ಈ ಚರ್ಚೆಯ ಎರಡೂ ಮುಖ. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಭಾರತೀಯ ಸೇನೆ ಕೈಲಾಸ ಶ್ರೇಣಿಯ ಶಿಖರಗಳನ್ನು ಹಿಡಿದಾಗ ಟ್ಯಾಂಕ್‌ಗಳು ರೆಚಿನ್ ಲಾದವರೆಗೂ ಏರಿದ್ದವು. ಚೀನಾದ ಟ್ಯಾಂಕ್‌ಗಳಿಗೆ ಎದುರಾಗಿ, ಗುಂಡು ಹಾರಿಸದೆ, ಅವು ಅಲ್ಲಿ ನಿಂತಿದ್ದುದೇ ಮುಂದಿನ ಮಾತುಕತೆಯಲ್ಲಿ ಭಾರತಕ್ಕೆ ಬಲ ತಂದಿತು. ಡ್ರೋನ್ ಹೊಡೆಯಬಲ್ಲದು, ನೋಡಬಲ್ಲದು. ಆದರೆ ಶಿಖರವೊಂದರಲ್ಲಿ ನಿಂತು ಈ ಜಾಗ ನಮ್ಮದೆಂದು ಹೇಳಲಾರದು. ಇನ್ನೊಂದು ಮುಖ ಕಹಿಯಾದುದು. 2024ರ ಜೂನ್ 28ರ ರಾತ್ರಿ ದೌಲತ್ ಬೇಗ್ ಓಲ್ಡಿ ಕಡೆಯ ಸಾಸೇರ್ ಬ್ರಾಂಗ್ಸಾ ಬಳಿ ಶ್ಯೋಕ್ ನದಿಯಲ್ಲಿ ನೀರು ಹಠಾತ್ತನೆ ಏರಿ, ಟಿ-72 ಟ್ಯಾಂಕ್‌ನಲ್ಲಿದ್ದ ಐವರು ಯೋಧರು ಮೃತಪಟ್ಟರು. ಅಲ್ಲಿ ಎದುರಾಳಿ ಯಾರೂ ಇರಲಿಲ್ಲ.

ಡಿಆರ್‌ಡಿಒ ಮತ್ತು ಎಲ್ ಅಂಡ್ ಟಿ ಸೇರಿ ರೂಪಿಸಿದ 25 ಟನ್ ತೂಕದ ‘ಜೊರಾವರ್’ ಟ್ಯಾಂಕ್ ಹುಟ್ಟಿದ್ದು ಲಡಾಖ್‌ನ ಈ ಅನುಭವದಿಂದ. 2024ರ ಜುಲೈನಲ್ಲಿ ಹೊರಬಂದ ಅದು, ಡಿಸೆಂಬರ್‌ನಲ್ಲಿ 4,200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಗುಂಡು ಹಾರಿಸಿ ತೋರಿಸಿತು. ತಿಮ್ಮಯ್ಯನವರ ಸ್ಟುವರ್ಟ್‌ಗಿಂತ ಹತ್ತು ಟನ್ ಹೆಚ್ಚು, ಟಿ-72ಕ್ಕಿಂತ ಇಪ್ಪತ್ತು ಟನ್ ಕಡಿಮೆ. ತೂಕ ಇಳಿದಂತೆ ಕವಚವೂ ತೆಳುವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕಾವಲಿನ ಮೇಲೆ ರನ್‌ವೇ

ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋಗುವ ಇಲ್ಲಿನ ಭಕ್ತರಿಗೆ ಚಳ್ಳಕೆರೆ ತಾಲ್ಲೂಕಿನ ಆ ಬಯಲು ಅಪರಿಚಿತವಲ್ಲ. ಅಲ್ಲಿ ಈಗ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 4,000 ಎಕರೆಗೂ ಹೆಚ್ಚು ವಿಸ್ತಾರದ ಇದು 2017ರ ಮೇ 28ರಂದು ಉದ್ಘಾಟನೆಯಾಯಿತು. ದೇಶದ ಮಾನವರಹಿತ ವಿಮಾನಗಳ ಹಾರಾಟ ಪರೀಕ್ಷೆಯ ಮುಖ್ಯ ತಾಣವೇ ಇದು.

ಆ ನೆಲದ ಹಿಂದಿನ ಕಥೆ ನಮ್ಮ ವಿಷಯಕ್ಕೆ ಹೊರಗಿನದಲ್ಲ. ಅದು ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಾಗಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಆ ರಾಸುಗಳು ಸೇನೆಯ ಫಿರಂಗಿ, ಮದ್ದುಗುಂಡುಗಳನ್ನು ಎಳೆಯುವ ಎತ್ತುಗಳಾಗಿದ್ದವು. ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳ ವೇಗಕ್ಕೆ ಅವೇ ಕಾರಣವೆಂಬುದನ್ನು ಕಂಡ ಬ್ರಿಟಿಷರು ಶ್ರೀರಂಗಪಟ್ಟಣ ಬಿದ್ದ ಬಳಿಕ ಅವುಗಳನ್ನು ತಾವೇ ಸಾಕಿದರು. ಮೋಟಾರು ವಾಹನ ಬಂದ ಮೇಲೆ ಸೇನೆಗೆ ಎತ್ತು ಬೇಡವಾಯಿತು, ಆದರೆ ಹುಲ್ಲುಗಾವಲು ಸುತ್ತಲಿನ ಊರುಗಳ ಕುರಿ, ದನಗಳಿಗೆ ಉಳಿದಿತ್ತು. ಅದನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿದಾಗ ಕುರಿಗಾಹಿಗಳು ಪ್ರತಿಭಟಿಸಿದರು, ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಬೇಲಿಯೊಂದು ಎದ್ದು, ಮೇವಿಗೆ ಹೋಗುತ್ತಿದ್ದ ದಾರಿಗಳು ಮುಚ್ಚಿದವು. ಹೊಸ ಯುದ್ಧದ ಬೆಲೆಯ ಒಂದು ಪಾಲನ್ನು ಹೀಗೆ ಈ ಸೀಮೆಯವರು ಮುಂಗಡವಾಗಿ ಕೊಟ್ಟಿದ್ದಾರೆ.

ಅದಕ್ಕೆ ಪ್ರತಿಯಾಗಿ ಸಿಕ್ಕಿರುವುದೇನು? ಬೆಂಗಳೂರಿನ ಎಡಿಇ ಪ್ರಯೋಗಾಲಯದ ‘ತಪಸ್’ ಡ್ರೋನ್ ಇಲ್ಲಿ ವರ್ಷಗಟ್ಟಲೆ ಹಾರಿತು. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿದ್ದದ್ದನ್ನು ಓದುಗರು ಮರೆತಿರಲಾರರು. ಸೇನಾಪಡೆಗಳು ಬಯಸಿದ್ದ 30,000 ಅಡಿ ಎತ್ತರ, 24 ಗಂಟೆಗಳ ಹಾರಾಟ ಅದಕ್ಕೆ ದಕ್ಕಲಿಲ್ಲ. ಟ್ಯಾಂಕಿನ ಕಾಲ ಮುಗಿಯಿತೆಂದು ಘೋಷಿಸುವವರು, ಅರ್ಜುನ್‌ಗೆ ಮೂವತ್ತು ವರ್ಷ ಹಿಡಿದ ದೇಶದಲ್ಲಿ ದೊಡ್ಡ ಡ್ರೋನ್ ಕೂಡ ಸಲೀಸಾಗಿ ಬರಲಿಲ್ಲ ಎಂಬುದನ್ನು ಗಮನಿಸಬೇಕು.

ಚಿಕ್ಕ ಡ್ರೋನ್‌ಗಳ ಕಥೆ ಬೇರೆ. 2025ರ ಮೇ ತಿಂಗಳ ಆಪರೇಷನ್ ಸಿಂಧೂರ್‌ನಲ್ಲಿ ಬೆಂಗಳೂರಿನಲ್ಲಿ ತಯಾರಾದ ‘ಸ್ಕೈಸ್ಟ್ರೈಕರ್’ ಆತ್ಮಾಹುತಿ ಡ್ರೋನ್‌ಗಳು ಬಳಕೆಯಾದುದು ವರದಿಯಾಗಿತ್ತು. ಆ ನಾಲ್ಕು ದಿನ ಒಂದೇ ಒಂದು ಟ್ಯಾಂಕ್ ಗಡಿ ದಾಟಲಿಲ್ಲ. ಅದೇ ಜುಲೈನಲ್ಲಿ ಆಂಧ್ರದ ಕರ್ನೂಲಿನ ಪರೀಕ್ಷಾ ವಲಯದಲ್ಲಿ ಬೆಂಗಳೂರಿನ ಕಂಪನಿಯೊಂದರ ಡ್ರೋನ್‌ನಿಂದ ಡಿಆರ್‌ಡಿಒ ಕ್ಷಿಪಣಿಯೊಂದನ್ನು ಹಾರಿಸಲಾಯಿತು. ಆಧುನಿಕ ಟ್ಯಾಂಕ್‌ಗಳ ಕವಚ ಸೀಳುವುದು ಅದರ ಉದ್ದೇಶಗಳಲ್ಲೊಂದು. ನಾವು ಮಾಡಬಲ್ಲದ್ದನ್ನು ಎದುರಾಳಿಯೂ ಮಾಡಬಲ್ಲ ಎಂಬುದನ್ನು ನಮ್ಮ ಟ್ಯಾಂಕ್ ಖರೀದಿಯ ಕಡತದ ಮೊದಲ ಪುಟದಲ್ಲೇ ಬರೆದಿಡಬೇಕು.

ಒಳಗೆ ಕುಳಿತ ಮೂವರು

ಚರ್ಚೆಗಳಲ್ಲಿ ಕಡಿಮೆ ಕೇಳಿಬರುವ ಸಂಗತಿಯೊಂದಿದೆ. ಉಕ್ರೇನ್‌ನಲ್ಲಿ ರಷ್ಯದ ಟ್ಯಾಂಕ್‌ಗಳ ಗೋಪುರ ಆಕಾಶಕ್ಕೆ ಚಿಮ್ಮುವ ದೃಶ್ಯಗಳಿಗೆ ಕಾರಣ ಅವುಗಳ ರಚನೆ. ಟಿ-72 ಮತ್ತು ಟಿ-90ಗಳಲ್ಲಿ ಗುಂಡು ತುಂಬಿಸುವುದು ಯಂತ್ರ. ಅದಕ್ಕೆಂದು ಮದ್ದುಗುಂಡುಗಳನ್ನು ಸಿಬ್ಬಂದಿಯ ಕಾಲಡಿಯಲ್ಲೇ ವೃತ್ತಾಕಾರವಾಗಿ ಜೋಡಿಸಿರುತ್ತಾರೆ. ಇದರಿಂದ ಒಬ್ಬ ಸೈನಿಕ ಉಳಿತಾಯವಾಗುತ್ತಾನೆ, ಟ್ಯಾಂಕ್ ಗಿಡ್ಡವಾಗುತ್ತದೆ, ಹಗುರವೂ ಆಗುತ್ತದೆ. ಆದರೆ ಬೆಂಕಿ ಒಳಹೊಕ್ಕರೆ ಮೂವರಲ್ಲಿ ಯಾರೂ ಉಳಿಯುವುದು ಕಷ್ಟ. ಅಬ್ರಾಮ್ಸ್‌ನಂಥ ಟ್ಯಾಂಕ್‌ಗಳಲ್ಲಿ ಮದ್ದುಗುಂಡಿಗೆ ಪ್ರತ್ಯೇಕ ಕೋಣೆಯಿದ್ದು, ಸ್ಫೋಟದ ಬೆಂಕಿ ಹೊರಗೆ ಹಾಯುವಂತೆ ಮಾಡಿರುತ್ತಾರೆ. ಟ್ಯಾಂಕ್ ಹಾಳಾದರೂ ಸಿಬ್ಬಂದಿ ಬದುಕುವ ಸಾಧ್ಯತೆ ಹೆಚ್ಚು. ಭಾರತೀಯ ಸೇನೆಯ ಟ್ಯಾಂಕ್ ಬಲದ ಬಹುಪಾಲು ಟಿ-72 ಮತ್ತು ಟಿ-90ಗಳೇ.

ರಷ್ಯದ ಗಡಿಗೆ ಹೊಂದಿಕೊಂಡ ಪೋಲೆಂಡ್ ಉಕ್ರೇನ್ ಯುದ್ಧವನ್ನು ಹತ್ತಿರದಿಂದ ಕಂಡೂ ದಕ್ಷಿಣ ಕೊರಿಯದಿಂದ 2022ರಲ್ಲಿ 180, 2025ರಲ್ಲಿ ಮತ್ತೆ 180 ಟ್ಯಾಂಕ್ ಕೊಳ್ಳಲು ಸಹಿ ಹಾಕಿತು. ಅಮೆರಿಕದ ಮರೀನ್ ದಳವಾದರೋ ಯುದ್ಧಕ್ಕೂ ಮುನ್ನವೇ ತನ್ನ ಟ್ಯಾಂಕ್‌ಗಳೆಲ್ಲವನ್ನೂ ಬಿಟ್ಟುಕೊಟ್ಟಿತ್ತು. ಒಬ್ಬರದು ಸಮತಟ್ಟಾದ ಬಯಲು ಕಾಯುವ ಕೆಲಸ, ಇನ್ನೊಬ್ಬರದು ದ್ವೀಪದಿಂದ ದ್ವೀಪಕ್ಕೆ ಜಿಗಿಯುವ ಕೆಲಸ. ಭಾರತಕ್ಕೆ ಮರಳುಗಾಡು, ಕಾಲುವೆ, ಹಿಮ ಮೂರೂ ಇವೆ. ಮರಳುಗಾಡು, ಬಯಲಿಗೆ ಭಾರೀ ಟ್ಯಾಂಕ್ ಇನ್ನೂ ಬೇಕು ಎಂಬುದನ್ನು ಈ ಲೇಖನ ಒಪ್ಪುತ್ತದೆ. ಆದರೆ ಅವಕ್ಕೆ ಮೇಲಿನಿಂದ ಬರುವ ಡ್ರೋನ್ ಹೊಡೆದುರುಳಿಸುವ ಸಾಧನ, ಮದ್ದುಗುಂಡಿಗೆ ಪ್ರತ್ಯೇಕ ಕೋಣೆ, ಪ್ರತಿ ದಳದ ಜತೆ ತನ್ನದೇ ಡ್ರೋನ್ ತುಕಡಿ ಇಲ್ಲವೆಂದಾದರೆ 1,770 ಎಂಬ ಸಂಖ್ಯೆಗೆ ಅರ್ಥವಿಲ್ಲ. ಅರ್ಧದಷ್ಟೇ ಕೊಂಡು ಉಳಿದ ಹಣವನ್ನು ಈ ರಕ್ಷಣೆಗೆ ಹಾಕುವುದು ಮೇಲು.

ಹೊಸ ವಾಹನದ ವಿನ್ಯಾಸ ಇನ್ನೂ ಅಂತಿಮಗೊಂಡಿಲ್ಲ. ಅದಕ್ಕಾಗಿ ಸೇನೆ ಕಂಪನಿಗಳಿಂದ ಮೊದಲು ಮಾಹಿತಿ ಕೇಳಿದ್ದು 2015ರಲ್ಲಿ. ಈ ನಡುವೆ 2025ರ ಮಾರ್ಚ್ 7ರಂದು ರಷ್ಯದೊಡನೆ 24.8 ಕೋಟಿ ಡಾಲರ್‌ನ ಒಪ್ಪಂದವೊಂದು ಆಯಿತು. ಅದು ಈಗಿರುವ ಟಿ-72ಗಳ 780 ಅಶ್ವಶಕ್ತಿಯ ಎಂಜಿನ್ ತೆಗೆದು 1,000 ಅಶ್ವಶಕ್ತಿಯದನ್ನು ಕೂರಿಸುವುದಕ್ಕಾಗಿ. ಮದ್ದುಗುಂಡು ಇರುವ ಜಾಗ ಬದಲಾಗುವುದಿಲ್ಲ.